ಸ್ವಂತ ಮಾತಿನಲ್ಲಿ ನಾಯಿಯ ಜ್ವರ

ಈಗಷ್ಟೇ ನನ್ನ ವೆಟರ್ನರಿ ನರ್ಸಿಂಗ್ ಕೋರ್ಸಿನ ಅಸೈನ್‌ಮೆಂಟ್ ವಾಪಸ್ ಬಂತು. ಪಾಸ್ ಅಲ್ಲ, ಫೇಲೂ ಅಲ್ಲ. ‘ತಿದ್ದಿ ಮತ್ತೆ ಸಲ್ಲಿಸಿ’ ಅಂತ. ಜೊತೆಗೆ ಕಾಪಿ ಹಿಡಿಯುವ ಸಾಫ್ಟ್‌ವೇರಿನ ಬಣ್ಣಬಣ್ಣದ ಒಂದು ರಿಪೋರ್ಟ್. ನನ್ನ ಸಾಲುಗಳ ಮೇಲೆಲ್ಲ ಹಳದಿ, ಗುಲಾಬಿ, ಹಸಿರು ಬಳಿದಿದ್ದಾರೆ. ಕೆಳಗೆ ಒಂದು ಷರಾ: ‘ಬೇರೆ ಬರಹಗಳ ಜೊತೆ ಹೋಲಿಕೆ ಜಾಸ್ತಿ ಇದೆ. ದಯವಿಟ್ಟು ಸ್ವಂತ ಮಾತಿನಲ್ಲಿ ಬರೆಯಿರಿ.’

ಯಾವ ಸಾಲು ಕದ್ದೆನಪ್ಪಾ ಅಂತ ಕನ್ನಡಕ ಹಾಕಿಕೊಂಡು ನೋಡಿದೆ. ಮೊದಲನೆಯದು: ‘ಆರೋಗ್ಯವಾಗಿರುವ ನಾಯಿಯ ದೇಹದ ಉಷ್ಣತೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್.’

ಇದನ್ನು ಸ್ವಂತ ಮಾತಿನಲ್ಲಿ ಹೇಗೆ ಬರೆಯೋದು ಸ್ವಾಮಿ? ‘ಮುಟ್ಟಿದರೆ ನಮಗಿಂತ ಒಂಚೂರು ಬೆಚ್ಚಗಿರುತ್ತದೆ’ ಅಂತಲೇ?

ಎರಡನೆಯದು, ಒಸಡು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು ಅನ್ನುವುದು. ಮೂರನೆಯದು, ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಆಟೋಕ್ಲೇವ್ 121 ಡಿಗ್ರಿಯಲ್ಲಾದರೆ 15 ನಿಮಿಷ, 134 ಡಿಗ್ರಿಯಲ್ಲಾದರೆ 3 ನಿಮಿಷ ಅನ್ನುವುದು. ಆಮೇಲೆ ಬಂತು ನೋಡಿ ನನಗೆ ತುಂಬಾ ಇಷ್ಟವಾದದ್ದು. ಪ್ರಶ್ನೆ! ಅವರೇ ಕೊಟ್ಟ ಫೈಲು, ಅವರೇ ಅಚ್ಚು ಹಾಕಿದ ಪ್ರಶ್ನೆ, ಅದರ ಕೆಳಗಿನ ಖಾಲಿ ಜಾಗದಲ್ಲಿ ನಾನು ಉತ್ತರ ಬರೆದದ್ದು. ಆ ಪ್ರಶ್ನೆಗೂ ಗುಲಾಬಿ ಬಣ್ಣ. ಅದೇ ಪ್ರಶ್ನೆ ಎಲ್ಲರ ಫೈಲಿನಲ್ಲೂ ಇದೆಯಂತೆ! ಕೊನೆಗೆ ಆಕರಗಳ ಪಟ್ಟಿ. ಕಾಮಾ, ಪೂರ್ಣವಿರಾಮ ಕೂಡ ಆಚೀಚೆ ಆಗದಂತೆ ಹಾರ್ವರ್ಡ್ ಪದ್ಧತಿಯಲ್ಲಿ ಬರೆಯಬೇಕು ಅಂತ ತಲೆ ತಿಂದವರು ಅವರೇ. ಈಗ ಎಲ್ಲರ ಪಟ್ಟಿಯೂ ಒಂದೇ ಥರ ಇದೆ ಅಂತ ಆಕ್ಷೇಪಣೆ ಮಾಡುತ್ತಿರುವವರೂ ಅವರೇ.

ನಿಮಗೆಲ್ಲ ಗೊತ್ತೇ ಇದೆ, ನಾನು ಅಕೌಂಟ್ಸ್ ಕೆಲಸ ಬಿಟ್ಟು ಈ ವೆಟರ್ನರಿ ನರ್ಸಿಂಗ್ ಹುಚ್ಚು ಹಚ್ಚಿಕೊಂಡವಳು. ಅಲ್ಲಿ ಇದ್ದಷ್ಟು ಕಾಲ, ಬ್ಯಾಲೆನ್ಸ್ ಶೀಟಿನ ಮೊತ್ತವನ್ನು ನಿಮ್ಮದೇ ಶೈಲಿಯಲ್ಲಿ ಬರೆಯಿರಿ ಅಂತ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಇಬ್ಬರೂ ಜೈಲಿನಲ್ಲಿ ಇರುತ್ತಿದ್ದೆವು.

ಸಿಟ್ಟು ಬರೀ ಮಾರ್ಕ್ಸಿಂದಲ್ಲ. (ಸ್ವಲ್ಪ ಅದೂ ಇದೆ, ಸುಳ್ಳು ಯಾಕೆ ಹೇಳಲಿ.) ನಾನು ಕಲಿಯುತ್ತಿರುವುದು ನರ್ಸಿಂಗ್. ಈ ಕೆಲಸದಲ್ಲಿ ಎಲ್ಲರೂ ಒಂದೇ ಮಾತನ್ನು ಒಂದೇ ರೀತಿ ಹೇಳುವುದು ಸೋಮಾರಿತನ ಅಲ್ಲ, ಕಳ್ಳತನವೂ ಅಲ್ಲ. ಅದೇ ಕೆಲಸ. ಪ್ರಾಣಿ ಬದುಕುವುದು ಎಷ್ಟೋ ಸಲ ಅದರಿಂದಲೇ.

ಒಂದು ಉದಾಹರಣೆ ಹೇಳುತ್ತೇನೆ. ಅರಿವಳಿಕೆ ಕೊಡುವ ಯಂತ್ರದಲ್ಲಿ ಒಂದು ವಾಲ್ವ್ ಇರುತ್ತದೆ. ಪಾಪ್‌ಆಫ್ ವಾಲ್ವ್ ಅಂತಾರೆ. ಹೆಚ್ಚಾದ ಗ್ಯಾಸ್ ಹೊರಗೆ ಹೋಗಬೇಕಾದ್ದು ಅದರ ಮೂಲಕ. ಸೋರಿಕೆ ಪರೀಕ್ಷೆ ಮಾಡುವಾಗ ಅದನ್ನು ಮುಚ್ಚುತ್ತಾರೆ. ಆಮೇಲೆ ತೆರೆಯಲು ಮರೆತರೆ ಗ್ಯಾಸ್ ಹೊರಗೆ ಹೋಗುವುದಿಲ್ಲ, ಒತ್ತಡ ಏರುತ್ತಾ ಹೋಗುತ್ತದೆ. ಪ್ರಾಣಿಯ ಶ್ವಾಸಕೋಶಕ್ಕೆ ಪೆಟ್ಟು ಬೀಳುತ್ತದೆ, ಹೃದಯಕ್ಕೆ ರಕ್ತ ವಾಪಸ್ ಬರುವುದು ಕಡಿಮೆಯಾಗುತ್ತದೆ. ಗಮನಿಸದಿದ್ದರೆ ಕೆಲವೇ ನಿಮಿಷಗಳಲ್ಲಿ ಮುಗಿದೇ ಹೋಗಬಹುದು. ಅದಕ್ಕೇ ಚೆಕ್‌ಲಿಸ್ಟಿನಲ್ಲಿ ಒಂದು ಸಾಲು: ‘ವಾಲ್ವ್ ತೆರೆದಿದೆಯೇ?’ ಉತ್ತರ: ‘ತೆರೆದಿದೆ.’

ಈಗ ಇದನ್ನು ಸ್ವಂತ ಮಾತಿನಲ್ಲಿ ಹೇಳೋಣ. ‘ವಾಲ್ವ್ ಮುಚ್ಚಿಲ್ಲ ಅಲ್ವಾ?’ ಆ ಕಡೆಯಿಂದ ‘ಹೂಂ’ ಅಂತ ಉತ್ತರ ಬಂತು. ಏನು ಅರ್ಥ? ಹೂಂ, ಮುಚ್ಚಿಲ್ಲ ಅಂತಲೋ? ಹೂಂ, ಮುಚ್ಚಿದೆ ಅಂತಲೋ? ಟೇಬಲ್ ಮೇಲೆ ಮಲಗಿರುವ ಬೆಕ್ಕಿನ ಹಣೆಬರಹ ಈ ಒಂದು ಹೂಂಕಾರದ ಮೇಲೆ ನಿಂತಿದೆ.

ಇದು ನನ್ನ ತಲೆಯಿಂದ ಹುಟ್ಟಿದ ಭಯ ಅಲ್ಲ. ಮನುಷ್ಯರ ಆಪರೇಷನ್‌ಗೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ಚೆಕ್‌ಲಿಸ್ಟ್ ತಂದಿತು. 19 ಅಂಶ, ಅಷ್ಟೇ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದರು. 2009ರಲ್ಲಿ ಫಲಿತಾಂಶ ಬಂತು. ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಒಂದಿಷ್ಟು ಪ್ರಶ್ನೆಗಳನ್ನು ಪ್ರತಿ ಸಲವೂ ಬಿಡದೆ, ಬಾಯಿಬಿಟ್ಟು ಕೇಳಿದ್ದು. ಪ್ರಾಣಿಗಳ ಅರಿವಳಿಕೆಗೂ ಈಗ ಇಂಥ ಚೆಕ್‌ಲಿಸ್ಟ್‌ಗಳಿವೆ. ಹೋದ ಪಾಠದಲ್ಲಿ ಅದನ್ನು ‘ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಬೇಕು’ ಅಂತ ಕಲಿಸಿದವರು ಇದೇ ಕೋರ್ಸಿನವರು. ಈ ಅಸೈನ್‌ಮೆಂಟಿನಲ್ಲಿ ಹಾಗೇ ಬರೆದರೆ ಹಳದಿ ಬಣ್ಣ.

ನೋವಿನ ವಿಷಯಕ್ಕೇ ಬನ್ನಿ. ಬೆಕ್ಕಿಗೆ ಎಷ್ಟು ನೋವಿದೆ ಅಂತ ಅದರ ಮುಖ ನೋಡಿ ಅಳೆಯುವ ಒಂದು ಮಾಪನ ಇದೆ, ಫೆಲೈನ್ ಗ್ರಿಮೇಸ್ ಸ್ಕೇಲ್ ಅಂತ. ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾಗಿ 2019ರಲ್ಲಿ ಪ್ರಕಟವಾಯಿತು. ಕಿವಿ ಹೇಗಿದೆ, ಕಣ್ಣು ಎಷ್ಟು ಕಿರಿದಾಗಿದೆ, ಮೂತಿ ಬಿಗಿದಿದೆಯಾ, ಮೀಸೆ ಯಾವ ಕಡೆಗಿದೆ, ತಲೆ ಬೆನ್ನಿನ ಮಟ್ಟಕ್ಕಿಂತ ಕೆಳಗಿದೆಯಾ. ಐದು ಅಂಶ. ಒಂದೊಂದಕ್ಕೂ 0, 1 ಅಥವಾ 2. ಒಟ್ಟು 10ಕ್ಕೆ 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವಿನ ಔಷಧಿಯ ಬಗ್ಗೆ ವೈದ್ಯರ ಹತ್ತಿರ ಮಾತಾಡಬೇಕು.

ನನಗೆ ಇದನ್ನು ಓದಿದಾಗ ಎಷ್ಟು ಖುಷಿಯಾಯಿತು ಗೊತ್ತಾ? ಬೆಕ್ಕು ನೋವನ್ನು ಮುಚ್ಚಿಡುವುದರಲ್ಲಿ ಎತ್ತಿದ ಕೈ. ಸುಮ್ನೆ ಮೂಲೆಯಲ್ಲಿ ಕೂತಿರುತ್ತದೆ, ನಾವು ನಿದ್ದೆ ಅಂದುಕೊಳ್ಳುತ್ತೇವೆ. ಈ ಮಾಪನ ಇದ್ದರೆ ಬೆಳಗಿನ ಪಾಳಿಯ ನರ್ಸ್ ‘2’ ಅಂತ ಬರೆದಿದ್ದು, ರಾತ್ರಿ ಪಾಳಿಯವಳು ‘5’ ಅಂತ ಬರೆದರೆ, ನೋವು ಹೆಚ್ಚಾಗಿದೆ ಅಂತ ಯಾರಿಗೂ ಅನುಮಾನ ಉಳಿಯುವುದಿಲ್ಲ. ಇಬ್ಬರೂ ಸ್ವಂತ ಮಾತಿನಲ್ಲಿ ಬರೆದರೆ? ಒಬ್ಬಳು ‘ಸಪ್ಪಗಿದೆ’ ಅಂತಾಳೆ. ಇನ್ನೊಬ್ಬಳು ‘ಮಂಕಾಗಿದೆ’ ಅಂತಾಳೆ. ಸಪ್ಪಗೆ ಜಾಸ್ತಿಯೋ ಮಂಕು ಜಾಸ್ತಿಯೋ, ಬೆಕ್ಕನ್ನೇ ಕೇಳಬೇಕು.

ಇನ್ಸುಲಿನ್ ಕಥೆ ಇನ್ನೂ ಭಯಂಕರ. ಸಕ್ಕರೆ ಕಾಯಿಲೆಯ ನಾಯಿ, ಬೆಕ್ಕುಗಳಿಗೆ ಕೊಡುವ ಕೆಲವು ಇನ್ಸುಲಿನ್‌ಗಳಲ್ಲಿ 1 ಮಿಲೀಗೆ 40 ಯೂನಿಟ್ ಇರುತ್ತದೆ. ಇನ್ನು ಕೆಲವದರಲ್ಲಿ 100 ಯೂನಿಟ್. ಎರಡಕ್ಕೂ ಬೇರೆ ಬೇರೆ ಸಿರಿಂಜ್. 100ರ ಇನ್ಸುಲಿನ್ನನ್ನು 40ರ ಸಿರಿಂಜಿಗೆ ತುಂಬಿ 10ರ ಗೆರೆಯವರೆಗೆ ಎಳೆದರೆ ಒಳಗೆ ಬಂದಿರುವುದು 10 ಯೂನಿಟ್ ಅಲ್ಲ, 25. ಸಾಲದು ಅಂತ ‘ಯೂನಿಟ್’ ಅನ್ನುವುದಕ್ಕೆ ಬರೀ ಒಂದು ಇಂಗ್ಲಿಷ್ ‘ಯು’ ಗೀಚಿದರೆ, ಓದುವವರು ಅದನ್ನು ಸೊನ್ನೆ ಅಂದುಕೊಳ್ಳಬಹುದು. 4 ಹೋಗಿ 40 ಆಗುತ್ತದೆ. ಅದಕ್ಕೇ ಪೂರ್ತಿ ಪದ ಬರೆಯಿರಿ, ಅರ್ಧಕ್ಕೆ 0.5 ಅಂತಲೇ ಬರೆಯಿರಿ, ಚುಕ್ಕೆಗೆ ಮೊದಲಿನ ಸೊನ್ನೆ ಬಿಡಬೇಡಿ, 5 ಅನ್ನುವುದನ್ನು 5.0 ಅಂತ ಬರೆಯಬೇಡಿ ಅಂತ ನಿಯಮ. ಎಲ್ಲರೂ ಒಂದೇ ಥರ ಬರೆಯಿರಿ ಅಂತಲೇ ಅಲ್ವಾ ಇದರ ಅರ್ಥ?

ಇದನ್ನೆಲ್ಲ ನಮ್ಮ ಸ್ಟಡಿ ಗ್ರೂಪಿನಲ್ಲಿ ಹೇಳಿಕೊಂಡೆ. ಅಲ್ಲೊಬ್ಬಳು ಚುರುಕಿನ ಹುಡುಗಿ ಇದ್ದಾಳೆ, ನನ್ನ ವಯಸ್ಸಿನ ಅರ್ಧ. ಪ್ರತಿ ಅಸೈನ್‌ಮೆಂಟನ್ನೂ ಗಡುವಿಗೆ ಮುಂಚೆಯೇ ಕಳಿಸುವ ಜಾತಿ. (ಹೊಟ್ಟೆಕಿಚ್ಚು ಇದೆ, ಮುಂದೆ ಹೋಗೋಣ.) ‘ಆಂಟಿ, ಸ್ವಂತ ಮಾತಿನಲ್ಲಿ ಹೇಳಿದರೆ ತಾನೇ ಅರ್ಥ ಆಗಿದೆ ಅಂತ ಅವರಿಗೆ ಗೊತ್ತಾಗೋದು? ಇಲ್ಲದಿದ್ದರೆ ಎಲ್ಲರೂ ಕಾಪಿ ಹೊಡೀತಾರೆ’ ಅಂದಳು.

ಒಪ್ಪಿದೆ. ನಿಜವಾಗಿ ಸ್ವಂತ ಮಾತು ಬೇಕಾದ ಜಾಗ ಇದೆ. ಮೊಲಕ್ಕೆ ಆಪರೇಷನ್ನಿಗೆ ಮುಂಚೆ ಉಪವಾಸ ಹಾಕಬಾರದು ಅಂತ ಅದನ್ನು ಸಾಕಿದವರಿಗೆ ಹೇಳಬೇಕಾದರೆ ಪಠ್ಯಪುಸ್ತಕದ ಮಾತು ಕೆಲಸಕ್ಕೆ ಬರುವುದಿಲ್ಲ. ನಾಯಿಯನ್ನು ಖಾಲಿ ಹೊಟ್ಟೆಯಲ್ಲಿ ತರಬೇಕು, ವಾಂತಿಯಾಗಿ ಶ್ವಾಸನಾಳಕ್ಕೆ ಹೋಗಬಾರದು. ಮೊಲ ವಾಂತಿಯನ್ನೇ ಮಾಡಲಾರದು. ಮೇವು ನಿಲ್ಲಿಸಿದರೆ ಅದರ ಕರುಳಿನ ಚಲನೆಯೇ ನಿಲ್ಲುವ ಅಪಾಯ. ಇದನ್ನು ಗಾಬರಿಯಲ್ಲಿ ನಿಂತಿರುವ ಒಬ್ಬರಿಗೆ ಅರ್ಥ ಮಾಡಿಸುವುದು ಒಂದು ಕಲೆ. ಅದನ್ನು ಕೇಳಲಿ, ಬರೆಯುತ್ತೇನೆ.

ಆದರೆ ಅವರು ಕೇಳಿದ್ದು ಅದಲ್ಲ. ‘ನಾಯಿಯ ಸಾಮಾನ್ಯ ಉಷ್ಣತೆ ಎಷ್ಟು’ ಅಂತ ಕೇಳಿದ್ದು! ಒಂದೇ ಉತ್ತರ ಇರುವ ಪ್ರಶ್ನೆ ಕೇಳಿ, ಎಲ್ಲರ ಉತ್ತರವೂ ಒಂದೇ ಆಯಿತು ಅಂತ ಹುಬ್ಬೇರಿಸಿದರೆ ಏನು ಹೇಳೋದು?

ಇನ್ನು ಕಾಪಿ ಹೊಡೆಯುವವರ ವಿಷಯ. ಅವರು ಈ ಬಣ್ಣಕ್ಕೆ ಸಿಗುತ್ತಾರೆ ಅಂತ ಯಾರು ಹೇಳಿದ್ದು? ಕದಿಯುವವನು ಪ್ಯಾರಾಫ್ರೇಸ್ ಮಾಡುವ ಆ್ಯಪಿಗೆ ಹಾಕುತ್ತಾನೆ, ಪದಗಳು ಬದಲಾಗುತ್ತವೆ, ಬಣ್ಣ ಹೋಗುತ್ತದೆ, ಪಾಸ್. ಇದರ ಪರಿಣಾಮ ಎಲ್ಲಿಗೆ ಮುಟ್ಟಿದೆ ಅಂದರೆ, 2021ರಲ್ಲಿ ಮೂವರು ಸಂಶೋಧಕರು ವಿಜ್ಞಾನ ಪತ್ರಿಕೆಗಳಲ್ಲೇ ಇಂಥ ತಿರುಚಿದ ಪದಗಳನ್ನು ಹುಡುಕಿ ತೆಗೆದರು. ಸ್ತನ ಕ್ಯಾನ್ಸರ್ ಅನ್ನುವುದು ‘ಎದೆಯ ಅಪಾಯ’ ಆಗಿಹೋಗಿತ್ತು! ಸಾಫ್ಟ್‌ವೇರಿನ ಕಣ್ಣಿಗೆ ಅದು ಸ್ವಂತ ಬರಹ. ನಮ್ಮ ಕೋರ್ಸಿನಲ್ಲೂ ಹೀಗೆ ಪಾಸಾದವರು ನಾಳೆ ಕೇಸ್ ಪೇಪರಿನಲ್ಲಿ ಏನು ಬರೆಯುತ್ತಾರೋ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಸಾಫ್ಟ್‌ವೇರನ್ನೂ ನಾನು ಪೂರ್ತಿ ಬೈಯುವುದಿಲ್ಲ ಕಣ್ರೀ. ಇಂಥ ಸಾಫ್ಟ್‌ವೇರ್‌ಗಳು ತೋರಿಸುವುದು ಹೋಲಿಕೆಯನ್ನು ಮಾತ್ರ. ಕಳ್ಳತನವೋ ಅಲ್ಲವೋ ಅಂತ ಮನುಷ್ಯರು ಓದಿ ತೀರ್ಮಾನಿಸಬೇಕು. ಆಕರಗಳ ಪಟ್ಟಿ, ಉಲ್ಲೇಖ, ಸಣ್ಣಪುಟ್ಟ ಹೋಲಿಕೆ ಇವನ್ನೆಲ್ಲ ಬಿಟ್ಟು ಲೆಕ್ಕ ಹಾಕುವ ಸೌಲಭ್ಯವೂ ಎಷ್ಟೋ ಕಡೆ ಇರುತ್ತದೆ. ಸೆಟ್ಟಿಂಗ್‌ಗೆ ಹೋಗಿ ಟಿಕ್ ಹಾಕಬೇಕು. ಆ ಟಿಕ್ ಹಾಕಲು ಪುರುಸೊತ್ತಿಲ್ಲದವರು ನನಗೆ ‘ವಿವರಗಳತ್ತ ಗಮನ ಕೊಡಿ’ ಅಂತ ಬುದ್ಧಿ ಹೇಳುತ್ತಾರೆ.

ಸರಿಯಾಗಿ ಪರೀಕ್ಷೆ ಮಾಡಲು ಇವರಿಗೆ ಬರುವುದಿಲ್ಲವೇ? ಚೆನ್ನಾಗಿ ಬರುತ್ತದೆ. ಬ್ಯಾಂಡೇಜಿನ ಅಸೈನ್‌ಮೆಂಟ್ ವಿಡಿಯೊದಲ್ಲಿ ಕಳಿಸಬೇಕಿತ್ತು. ಗೊಂಬೆ ನಾಯಿಗೆ ಕಟ್ಟಿದರೂ ಆಗುತ್ತದೆ ಅಂದಿದ್ದರು. ಆದರೆ ಕಾಲಿಗೆ ಬ್ಯಾಂಡೇಜ್ ಕಟ್ಟುವಾಗ ನಡುವಿನ ಎರಡು ಬೆರಳ ತುದಿ ಹೊರಗೆ ಕಾಣಬೇಕು. ನನ್ನ ಗೊಂಬೆಗೆ ಬೆರಳೇ ಇಲ್ಲ. ಮಾರ್ಕರ್ ಪೆನ್ನಿನಲ್ಲಿ ಬರೆದುಕೊಂಡು ಕಟ್ಟಿದೆ. ಮೌಲ್ಯಮಾಪಕರು ನೋಡಿ ಒಂದೇ ಪ್ರಶ್ನೆ ಕೇಳಿದರು: ‘ಆ ಎರಡು ಬೆರಳನ್ನು ಯಾಕೆ ಹೊರಗೆ ಬಿಟ್ಟಿರಿ?’ ಬಾವು ಬಂದಿದೆಯಾ, ತಣ್ಣಗಾಗಿದೆಯಾ, ಬ್ಯಾಂಡೇಜ್ ಬಿಗಿಯಾಯಿತಾ ಅಂತ ಮುಟ್ಟಿ ನೋಡಲು, ಅಂದೆ. ಪಾಸ್. ಹಸಿರು ಟಿಕ್ ಬಂತು. ಈ ವಯಸ್ಸಿನಲ್ಲೂ ಆ ಟಿಕ್ ಕಂಡರೆ ಎದ್ದು ಮನೆಯೆಲ್ಲ ಒಂದು ಸುತ್ತು ಓಡಾಡಿ ಬರುತ್ತೇನೆ, ನಗಬೇಡಿ.

ಅಂಥದ್ದೇ ಬರಹದಲ್ಲೂ ಕೇಳಬಹುದಲ್ಲ. 10 ಕಿಲೊ ನಾಯಿ, ದಿನಕ್ಕೆ ಕಿಲೊಗೆ 50 ಮಿಲೀ ದ್ರವ, 1 ಮಿಲೀಗೆ 20 ಹನಿ ಬೀಳುವ ಡ್ರಿಪ್ ಸೆಟ್. ನಿಮಿಷಕ್ಕೆ ಎಷ್ಟು ಹನಿ? ಸುಮಾರು 7. ಈ 7 ಎಲ್ಲರಿಗೂ ಒಂದೇ, ಒಂದೇ ಇರಬೇಕು. ಆದರೆ ಅರ್ಧ ರಾತ್ರಿಯಲ್ಲಿ ಹನಿ ನಿಂತುಹೋದರೆ ಮೊದಲು ಏನು ನೋಡುತ್ತೀರಿ, ಆಮೇಲೆ ಏನು, ಯಾಕೆ ಆ ಕ್ರಮ? ನಾಯಿ ಕಾಲು ಮಡಚಿ ಮಲಗಿದೆಯಾ, ಕೊಳವೆ ಮಡಚಿಕೊಂಡಿದೆಯಾ, ಸೂಜಿ ಚುಚ್ಚಿದ ಜಾಗ ಊದಿದೆಯಾ? ಇಲ್ಲಿ ನನ್ನ ಯೋಚನೆ ನನ್ನದೇ ಇರುತ್ತದೆ. ಕೇಳಿದರೆ ಮಾತ್ರ. ಹೀಗೆ ಕೇಳಿದರೆ ಮೌಲ್ಯಮಾಪಕರು ಪ್ರತಿಯೊಂದನ್ನೂ ಕೂತು ಓದಬೇಕಾಗುತ್ತದೆ. ಶೇಕಡಾವಾರು ಅಂಕಿಯೊಂದನ್ನು ನೋಡಿ ವಾಪಸ್ ಕಳಿಸುವುದು ಸುಲಭ. ನನಗೆ ಅನಿಸುವುದು, ವಿಷಯ ಇರುವುದೇ ಅಲ್ಲಿ.

ಪೋರ್ಟಲಿನ ಉಳಿದ ವೈಭವವನ್ನು ಹೇಳಲು ಹೋಗುವುದಿಲ್ಲ. ಫೈಲಿನ ಹೆಸರು ಹೀಗೇ ಇರಬೇಕು, ಪಿಡಿಎಫ್ ಇಷ್ಟೇ ಗಾತ್ರ ಇರಬೇಕು, ‘ಇದು ನನ್ನದೇ ಬರಹ’ ಅಂತ ಡಬ್ಬಿ ಟಿಕ್ ಮಾಡಬೇಕು. ಎಲ್ಲರೂ ಒಂದೇ ವಾಕ್ಯದ ಕೆಳಗೆ ಟಿಕ್ ಮಾಡುತ್ತೇವೆ. ಆ ವಾಕ್ಯಕ್ಕೂ ಬಣ್ಣ ಬಳಿದಿದ್ದಾರೆ, ನಾನು ನೋಡಿದೆ.

ಮತ್ತೆ ಸಲ್ಲಿಸಲು ಈ ವಾರದ ಕೊನೆಯವರೆಗೆ ಸಮಯ ಇದೆ. ಉಷ್ಣತೆ, ನಾಡಿ, ಉಸಿರಾಟದ ಅಂಕಿಗಳನ್ನೆಲ್ಲ ಒಂದು ಟೇಬಲ್‌ಗೆ ಹಾಕಿ, ಯಾವ ಪುಸ್ತಕದ್ದು ಅಂತ ಕೆಳಗೆ ಬರೆದಿದ್ದೇನೆ. ವಾಲ್ವಿನ ಸಾಲನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಮೌಲ್ಯಮಾಪಕರಿಗೆ ಒಂದು ಪತ್ರವನ್ನೂ ಜೊತೆಗಿಟ್ಟಿದ್ದೇನೆ: ಬಣ್ಣ ಬಳಿದ ಸಾಲುಗಳಲ್ಲಿ ಯಾವುದನ್ನು ಬದಲಿಸಿದರೆ ರೋಗಿಗೆ ಒಳ್ಳೆಯದು ಅಂತ ತಾವೇ ಗುರುತು ಹಾಕಿ ಕೊಡಿ, ಹಾಗೇ ಬರೆಯುತ್ತೇನೆ ಅಂತ. ಇದೇ ಕೋರ್ಸ್ ಮಾಡಿ ಮುಗಿಸಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಮೇಲ್ಮನವಿ ಫಾರ್ಮ್ ಎಲ್ಲಿ ಸಿಗುತ್ತದೆ ಅಂತ ಇನ್‌ಬಾಕ್ಸಿಗೆ ತಿಳಿಸಿ. ಪ್ಯಾರಾಫ್ರೇಸ್ ಆ್ಯಪಿನ ಹೆಸರು ಹೇಳಲು ಬರುವವರು ದಯವಿಟ್ಟು ಬರಬೇಡಿ.