"ನೀವು ಇವರಿಗೆ ಏನಾಗಬೇಕು?": ಸಲಿಂಗ ಮದುವೆಗೆ ಕಾನೂನಿನ ಒಪ್ಪಿಗೆ, ಪರ ಮತ್ತು ವಿರೋಧ

ನಾನು ಬಳ್ಳಾರಿಯಲ್ಲಿ ಪತ್ರ ಬರೆಯುವವನು. ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಒಂದು ಟೇಬಲ್, ಒಂದು ಕಂಪ್ಯೂಟರ್, ಆಗಾಗ ಮುನಿಸಿಕೊಳ್ಳುವ ಒಂದು ಪ್ರಿಂಟರ್. ಕ್ರಯಪತ್ರ, ದಾನಪತ್ರ, ವಿಲ್, ಬಾಡಿಗೆ ಕರಾರು, ಯಾವುದು ಬೇಕೋ ಅದು. ನಮ್ಮ ಕಸುಬಿನಲ್ಲಿ ಒಂದು ತಮಾಷೆ ಇದೆ. ದಿನವಿಡೀ 'ನಾನು, ನನ್ನ' ಎಂದು ಬರೆಯುತ್ತೇವೆ. ಆ 'ನಾನು' ಯಾವತ್ತೂ ನಾವಲ್ಲ.

ಅದೇ ಧೈರ್ಯದ ಮೇಲೆ ಈ ವಿಷಯದಲ್ಲಿ ಎರಡೂ ಕಡೆ ನಾನೇ ಬರೆದಿದ್ದೇನೆ. ಪರ ನನ್ನ ಮಾತು. ವಿರೋಧ ನಮ್ಮ ಮಾವನವರದು. ಅವರು ಕೊಪ್ಪಳದಲ್ಲಿ ಹೈಸ್ಕೂಲ್ ಮಾಸ್ತರರಾಗಿ ನಿವೃತ್ತರಾದವರು. ಅವರು ಹೇಳಿದ್ದನ್ನು ಅವರ 'ನಾನು'ವಿನಲ್ಲೇ ಬರೆದು, ಪತ್ರದಲ್ಲಿ ಬರುವ ಹಾಗೆ, 'ಓದಿ ಹೇಳಲಾಗಿ ಸರಿ ಇದೆ' ಎಂದು ಒಪ್ಪಿಸಿಕೊಂಡಿದ್ದೇನೆ. ಅವರ ಭಾಗದ ನಡುವೆ ಕಂಸದೊಳಗೆ ಬರುವ ಮಾತು ಮಾತ್ರ ನನ್ನದು.

ಪರ

ನಾಲ್ಕು ವರ್ಷದ ಹಿಂದೆ ಇಬ್ಬರು ಹೆಣ್ಣುಮಕ್ಕಳು ಟೇಬಲ್ ಹತ್ತಿರ ಬಂದರು. ನಲವತ್ತರ ಆಸುಪಾಸಿನವರು. ಇಬ್ಬರದೂ ಜೀನ್ಸ್ ಹೊಲಿಯುವ ಕೆಲಸ. ಬಳ್ಳಾರಿ ಜೀನ್ಸ್ ಎಂದರೆ ನಿಮಗೆ ಗೊತ್ತೇ ಇದೆ, ಇಲ್ಲಿ ಓಣಿ ಓಣಿಯಲ್ಲೂ ಹೊಲಿಗೆ ಮಿಷನ್ನಿನ ಸದ್ದು.

"ಒಂದು ವಿಲ್ ಬರೆಸಬೇಕಿತ್ರಿ ಅಣ್ಣಾ."

"ಯಾರ ಹೆಸರಿಗೆ?"

ಒಬ್ಬಾಕೆ ಪಕ್ಕದಾಕೆಯನ್ನು ತೋರಿಸಿದಳು. ಇಬ್ಬರೂ ದುಡ್ಡು ಕೂಡಿಸಿ ಒಂದು ಸೈಟು ಕೊಂಡು ಎರಡು ಕೋಣೆ ಹಾಕಿಸಿದ್ದರು. ಪತ್ರ ಮಾತ್ರ ಒಬ್ಬರ ಹೆಸರಿನಲ್ಲಿ. ವಿಲ್ಲಿನಲ್ಲಿ ಸಂಬಂಧ ಬರೆಯುವ ಜಾಗ ಒಂದಿರುತ್ತದೆ. "ಇವರು ನಿಮಗೆ ಏನಾಗಬೇಕು ಅಂತ ಬರೀಲವ್ವಾ?" ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. "ಗೆಳತಿ ಅಂತ ಬರೀರಿ" ಅಂದಳು. ಬರೆದೆ. ನನಗೆ ಅರ್ಧ ತಿಳಿಯಿತು. ಉಳಿದರ್ಧ ಕೇಳುವುದು ನನ್ನ ಕೆಲಸವಲ್ಲ.

ಒಂದು ವರ್ಷ ಕಳೆದಿರಬೇಕು, ಮತ್ತೆ ಬಂದರು. ನಡುವೆ ಏನಾಗಿತ್ತೆಂದರೆ, ವಿಲ್ ಬರೆಸಿದಾಕೆಗೆ ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ ಆಗಬೇಕು. ಆಸ್ಪತ್ರೆಯಲ್ಲಿ ಸಹಿಗೆ ಕಾಗದ ಹಿಡಿದು ಬಂದವರು ಈಕೆಯನ್ನು ಕೇಳಿದರು: "ನೀವು ಇವರಿಗೆ ಏನಾಗಬೇಕು?" ಗೆಳತಿ ಎಂದಳು. "ಮನೆಯವರನ್ನು ಕರೆಸಿ" ಎಂದರು. ಮಾತು ಬಿಟ್ಟು ಎಷ್ಟೋ ವರ್ಷವಾಗಿದ್ದ ಅಣ್ಣ ಗಂಗಾವತಿಯಿಂದ ಬಂದು ಸಹಿ ಹಾಕುವವರೆಗೆ ಒಂದು ಹಗಲು ಹೋಯಿತು. ಪುಣ್ಯಕ್ಕೆ ಬದುಕಿದಳು.

ಈ ಸಲ ಅವರು ಕೇಳಿದ್ದು ದಾನಪತ್ರ. "ವಿಲ್ ಬ್ಯಾಡ್ರಿ. ಸತ್ತ ಮ್ಯಾಲಿನ ಮಾತು. ಈಗಲೇ ಇಬ್ಬರ ಹೆಸರಿಗೂ ಮಾಡ್ರಿ." ಗಂಡ ಹೆಂಡತಿಗೆ ದಾನಪತ್ರ ಮಾಡಿದರೆ ಮುದ್ರಾಂಕ ಶುಲ್ಕ ನಿಗದಿಯಾದ ಒಂದು ಸಣ್ಣ ಮೊತ್ತ. ಕುಟುಂಬದ ಹೊರಗಿನವರಿಗಾದರೆ ಸೈಟು ಮಾರಿದರೆ ಎಷ್ಟು ಕಟ್ಟಬೇಕೋ ಅಷ್ಟೇ ಕಟ್ಟಬೇಕು. ಲೆಕ್ಕ ಹಾಕಿ ತೋರಿಸಿದೆ. ಹದಿನಾಲ್ಕು ವರ್ಷ ಒಂದೇ ಒಲೆಯ ಮೇಲೆ ಅನ್ನ ಮಾಡಿಕೊಂಡವರು. ನನ್ನ ಲೆಕ್ಕದ ಚೀಟಿಯಲ್ಲಿ ಹೊರಗಿನವರು. "ದೀಪಾವಳಿ ಬೋನಸ್ ಬಂದ ಮ್ಯಾಲೆ ನೋಡೋಣ ಬಿಡ್ರಿ" ಎಂದು ಹೋದರು.

ನಾನು ಸಲಿಂಗ ಮದುವೆಯ ಪರ ಆಗಿದ್ದು ಆ ಚೀಟಿಯಿಂದ. ಅದಕ್ಕೆ ಮುಂಚೆ ನನಗೆ ಈ ವಿಷಯದಲ್ಲಿ ಅಭಿಪ್ರಾಯವೇ ಇರಲಿಲ್ಲ, ನಿಜ ಹೇಳಬೇಕೆಂದರೆ.

ಕಾನೂನು ಈಗ ಎಲ್ಲಿ ನಿಂತಿದೆ? 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಂ ಸಡಿಲಿಸಿತು. ಒಪ್ಪಿಗೆಯಿಂದ ಕೂಡಿರುವ ವಯಸ್ಕರು ಅಪರಾಧಿಗಳಲ್ಲ ಎಂದಾಯಿತು. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ ಮದುವೆಯ ಪ್ರಶ್ನೆಗೆ ಉತ್ತರ ಕೊಟ್ಟಿತು. ಮದುವೆ ಮೂಲಭೂತ ಹಕ್ಕಲ್ಲ, ಜಾತಿ ಧರ್ಮ ನೋಡದೆ ರಿಜಿಸ್ಟರ್ ಮದುವೆಗೆ ದಾರಿ ಕೊಡುವ 1954ರ ವಿಶೇಷ ವಿವಾಹ ಕಾಯ್ದೆಯನ್ನು ಕೋರ್ಟು ತಿದ್ದಿ ಓದಲು ಬರುವುದಿಲ್ಲ ಎಂದು ಐವರೂ ಹೇಳಿದರು. ಮದುವೆ ಎಂಬ ಹೆಸರಿಲ್ಲದೆ ಜೋಡಿ ಎಂದಾದರೂ ಗುರುತಿಸಬೇಕೇ ಎಂಬಲ್ಲಿ ಮೂವರು ಬೇಡ ಎಂದರು, ಇಬ್ಬರು ಬೇಕು ಎಂದರು. 2025ರ ಜನವರಿಯಲ್ಲಿ ಮರುಪರಿಶೀಲನೆ ಅರ್ಜಿಗಳೂ ವಜಾ ಆದವು.

ಕೇಂದ್ರ ಸರ್ಕಾರ 2024ರಲ್ಲಿ ಒಂದೆರಡು ಕಿಟಕಿ ತೆರೆಯಿತು. ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ಮಾಡಬಹುದು, ಒಬ್ಬರನ್ನೊಬ್ಬರು ನಾಮಿನಿ ಮಾಡಬಹುದು, ಒಂದೇ ರೇಷನ್ ಕಾರ್ಡಿನಲ್ಲಿ ಇರಬಹುದು. ಒಳ್ಳೆಯದೇ. ಆದರೆ ನಾಮಿನಿ ಎಂದರೆ ವಾರಸುದಾರ ಅಲ್ಲ. ಇದನ್ನು ದಿನಕ್ಕೆ ನಾಲ್ಕು ಸಲ ಜನರಿಗೆ ತಿಳಿಸಿ ಹೇಳುವುದೇ ನನ್ನ ಪಾಡು. ಮದುವೆಯಾಗದ ಹಿಂದೂ ಹೆಣ್ಣುಮಗಳು ವಿಲ್ ಬರೆಯದೆ ತೀರಿಕೊಂಡರೆ ಆಸ್ತಿ ತಾಯಿತಂದೆಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ. ಅಂದರೆ ಗಂಗಾವತಿಯ ಆ ಅಣ್ಣನಿಗೆ. ಪಿಎಫ್‌ನಲ್ಲಿ ನಿಯಮದ ಪ್ರಕಾರದ ಕುಟುಂಬ ಒಂದು ಇದ್ದರೆ, ಹೊರಗಿನವರನ್ನು ಮಾಡಿದ ನಾಮಿನಿ ನಿಲ್ಲುವುದಿಲ್ಲ. ಹಟ್ಟಿಯ ಗಣಿಯಲ್ಲೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಕೆಲಸಗಾರ ಸತ್ತರೆ ಪರಿಹಾರ ಯಾರಿಗೆ ಎಂಬುದಕ್ಕೆ ಕಾಯ್ದೆಯಲ್ಲೇ ಅವಲಂಬಿತರ ಪಟ್ಟಿ ಇದೆ. ಜೊತೆಗೆ ಬಾಳಿದ ಗೆಳೆಯ ಆ ಪಟ್ಟಿಯಲ್ಲಿ ಇಲ್ಲ. ಒಂದೊಂದಕ್ಕೂ ಒಂದೊಂದು ಕಾಗದ ಮಾಡಿಸುತ್ತಾ ಹೋಗಬಹುದು. ನನಗೇನು, ನನ್ನ ಟೇಬಲ್ ನಡೆಯುತ್ತದೆ. ಆದರೆ ಬೇರೆಯವರು ಒಂದು ಸರ್ಟಿಫಿಕೇಟಿನಲ್ಲಿ ಪಡೆಯುವುದನ್ನು ಇವರು ಹತ್ತು ಛಾಪಾ ಕಾಗದದಲ್ಲೂ ಪೂರ್ತಿ ಪಡೆಯಲಾರರು.

ಇದು ದೊಡ್ಡ ಊರಿನ ಸಿರಿವಂತರ ಶೋಕಿ ಎಂದು ಕೋರ್ಟಿನಲ್ಲಿ ಸರ್ಕಾರವೇ ವಾದಿಸಿತ್ತು. ಅದನ್ನು ಮುಖ್ಯ ನ್ಯಾಯಮೂರ್ತಿಯಾಗಿದ್ದ ಡಿ.ವೈ. ಚಂದ್ರಚೂಡ್ ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ. ಆ ಇಬ್ಬರು ಬಂದಿದ್ದು ಸಿಟಿ ಬಸ್ಸಿನಲ್ಲಿ, ಊಟದ ಡಬ್ಬಿ ಹಿಡಿದುಕೊಂಡು.

ಸಂಪ್ರದಾಯ ಎನ್ನುತ್ತಾರೆ. ನಮ್ಮ ಕಡೆ ಇಬ್ಬರು ಹೆಂಡಿರು ಇರುವುದೂ ಸಂಪ್ರದಾಯವೇ ಆಗಿತ್ತು. 1955ರ ಹಿಂದೂ ವಿವಾಹ ಕಾಯ್ದೆ ಅದನ್ನು ನಿಲ್ಲಿಸಿತು, ವಿಚ್ಛೇದನವನ್ನೂ ತಂದಿತು. ಯಾರೂ ಊರ ಪಂಚಾಯಿತಿಯ ಒಪ್ಪಿಗೆಗೆ ಕಾಯಲಿಲ್ಲ. ಮಕ್ಕಳಾಗುವುದಿಲ್ಲ ಎನ್ನುವವರಿಗೆ ಒಂದೇ ಮಾತು: ಅರವತ್ತು ದಾಟಿದವರೂ ಮದುವೆ ರಿಜಿಸ್ಟರ್ ಮಾಡಿಸಿಕೊಳ್ಳುತ್ತಾರೆ. ಮಕ್ಕಳು ಯಾವಾಗ ಎಂದು ಅವರನ್ನು ಯಾರೂ ಕೇಳುವುದಿಲ್ಲ ಅಲ್ವಾ?

ವಿರೋಧ

ಅಳಿಯಂದಿರು ಟೇಬಲ್ ಮುಂದೆ ಕೂತು ಮಾತಾಡುತ್ತಾರೆ. ನಾನು ಪಡಸಾಲೆಯಲ್ಲಿ ಕೂತು ಮಾತಾಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, 377 ಹೋಗಿದ್ದು ಸರಿ. ಇಬ್ಬರು ದೊಡ್ಡವರು ಬಾಗಿಲು ಹಾಕಿಕೊಂಡು ಹೇಗಿದ್ದರೆ ಪೊಲೀಸರಿಗೇನು? ಜೊತೆಯಾಗಿ ಇರಲಿ. ಆದರೆ ಅದಕ್ಕೆ ಮದುವೆ ಎಂದು ಹೆಸರಿಡುವುದು ಬೇರೆ ಮಾತು.

ನಮ್ಮಲ್ಲಿ ಮದುವೆ ಇಬ್ಬರದ್ದಲ್ಲ. ಸುರಗಿ ಸುತ್ತುವಾಗ ಕೂರುವವರು ಎಷ್ಟು ಜನ ನೋಡಿ. ಸೋದರಮಾವನಿಗೆ ಅವನ ಕೆಲಸ, ಸೋದರತ್ತೆಗೆ ಅವಳ ಕೆಲಸ. ಅಕ್ಕಿಕಾಳು ಹಾಕಿದ ಮೇಲೆ ಎರಡು ಮನೆತನ ಬೀಗರಾಗುತ್ತವೆ. ನಾಳೆ ಜಗಳ ಬಂದರೆ ಕೂಡಿಸುವವರೂ ಅವರೇ. ಗಂಡು ಹೆಣ್ಣು ಕೂಡಿ ವಂಶ ಮುಂದುವರಿಯುತ್ತದೆ ಎಂಬುದರ ಮೇಲೆ ಇಷ್ಟೆಲ್ಲ ಕಟ್ಟಿದ್ದು. ಅರವತ್ತರ ಮುದುಕರ ಮದುವೆಯನ್ನು ಅಳಿಯಂದಿರು ತಂದರು. ಅದು ಚಲೋ ಮಾತು, ಆದರೆ ಹೊರತಾದ ಒಂದನ್ನು ತೋರಿಸಿ ಪದ್ಧತಿಯನ್ನೇ ಅಳೆಯಬಾರದು.

ಕಾನೂನು ಮದುವೆಯನ್ನು ಹುಟ್ಟಿಸಿಲ್ಲ, ಇದ್ದುದನ್ನು ಬರೆದುಕೊಂಡಿದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಕಡೆ ಮಾಮೂಲು. 1955ರ ಕಾಯ್ದೆಯಲ್ಲಿ ಅದು ನಿಷಿದ್ಧ ಸಂಬಂಧ. ಆದರೆ ರೂಢಿ ಇದ್ದವರಿಗೆ ಬಿಟ್ಟಿದೆ ಎಂದು ಅದೇ ಕಾಯ್ದೆ ಹೇಳುತ್ತದೆ. ಅಂದರೆ ದಿಲ್ಲಿಯವರೂ ನಮ್ಮ ಪಡಸಾಲೆಯನ್ನು ನೋಡಿಯೇ ಬರೆದರು. ಕಾನೂನು ಮುಂದೆ ಓಡಿ ಜನ ಹಿಂದೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಬಾಲ್ಯವಿವಾಹ ನೋಡಿ. ತಡೆಯುವ ಕಾಯ್ದೆ ಬಂದದ್ದು 1929ರಲ್ಲಿ. ನಾನು ಮಾಸ್ತರನಾಗಿದ್ದಷ್ಟು ದಿನವೂ ಬೇಸಿಗೆ ರಜೆ ಮುಗಿಸಿ ಬರುವಾಗ ಒಂಬತ್ತನೇ ಕ್ಲಾಸಿನಲ್ಲಿ ಒಂದಿಬ್ಬರು ಹುಡುಗಿಯರು ಕಡಿಮೆ ಇರುತ್ತಿದ್ದರು.

(ಬಾಲ್ಯವಿವಾಹದ ಕಾಯ್ದೆ ಬೇಡವಾಗಿತ್ತೇ ಎಂದು ಇಲ್ಲಿ ಕೇಳಿದೆ. "ಬೇಕಿತ್ತು. ಅಲ್ಲಿ ಒಂದು ಕೂಸಿಗೆ ಅನ್ಯಾಯ ಆಗತಿತ್ತು, ತಡೀಬೇಕಿತ್ತು. ಇಲ್ಲಿ ತಡೆಯೋದಲ್ಲ, ಕೊಡೋದು" ಎಂದರು. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.)

ಇನ್ನು ನಿಮ್ಮ ಆಫೀಸಿನ ನೋಟಿಸ್ ಬೋರ್ಡ್. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಬೇಕೆಂದರೆ ಅರ್ಜಿ ಹಾಕಿ ಮೂವತ್ತು ದಿನ ಕಾಯಬೇಕು. ಹೆಸರು, ವಿಳಾಸ ಎಲ್ಲ ಬೋರ್ಡಿಗೆ ಬರುತ್ತದೆ. ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಅಲ್ಲಿಗೂ ಒಂದು ಪ್ರತಿ ಹೋಗುತ್ತದೆ. ಬೇರೆ ಜಾತಿಯ ಹುಡುಗ ಹುಡುಗಿಯ ಹೆಸರು ಅಲ್ಲಿ ಬಂದರೇ ಸಂಜೆಯೊಳಗೆ ಜೀಪು ಬಂದು ನಿಲ್ಲುತ್ತದೆ. ನಿಮ್ಮ ಆ ಇಬ್ಬರು ಹೆಣ್ಣುಮಕ್ಕಳು ಇವತ್ತು ಓಣಿಯಲ್ಲಿ ಅಕ್ಕತಂಗಿಯರ ಹಾಗೆ ಇದ್ದಾರೆ. ಯಾರೂ ಕೇಳುವುದಿಲ್ಲ. ಕೇಳದಿರುವುದು ನಮ್ಮ ಊರುಗಳ ದೊಡ್ಡ ಗುಣ. ಬೋರ್ಡಿನ ಮೇಲೆ ಹೆಸರು ಬಂದ ಮರುದಿನ ಎಲ್ಲರೂ ಕೇಳುತ್ತಾರೆ.

(ಹಾಗಾದರೆ ತೆಗೆಯಬೇಕಾದ್ದು ನೋಟಿಸು, ಮದುವೆಯಲ್ಲವಲ್ಲ ಎಂದೆ. "ಅದನ್ನ ನಿಮ್ಮ ಭಾಗದಾಗ ಬರಕೊಳ್ರಿ ಅಳಿಯಂದ್ರೇ" ಎಂದರು.)

ಮಾಡಲೇಬೇಕೆಂದರೆ ಸಂಸತ್ತು ಮಾಡಲಿ. ತೈವಾನಿನಲ್ಲಿ ಕೋರ್ಟು ಹೇಳಿದ ಮೇಲೂ 2019ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಥಾಯ್ಲೆಂಡಿನಲ್ಲೂ ಸಂಸತ್ತೇ ಮಾಡಿ, 2025ರ ಜನವರಿ 23ರಿಂದ ಜಾರಿಗೆ ಬಂತು. ನಮ್ಮ ಕಾಯ್ದೆ ತುಂಬ ಗಂಡ, ಹೆಂಡತಿ ಎಂದೇ ಇದೆ. ಗಂಡಿಗೆ 21, ಹೆಣ್ಣಿಗೆ 18. ಇಬ್ಬರೂ ಗಂಡಾದರೆ ಜೀವನಾಂಶ ಯಾರು ಯಾರಿಗೆ? ಇದನ್ನೆಲ್ಲ ಕೂತು ಬರೆಯಬೇಕು. ಬರೆದವರು ರಾಯಚೂರಿನ ಹಳ್ಳಿಗೆ ವೋಟು ಕೇಳಲು ಬಂದಾಗ ಕಟ್ಟೆಯ ಮೇಲೆ ನಿಂತು, ನಾನೇ ಮಾಡಿದೆ ಎಂದು ಹೇಳಬೇಕು. ಆ ಎದೆಗಾರಿಕೆ ಯಾವ ಪಕ್ಷಕ್ಕೂ ಇನ್ನೂ ಬಂದಿಲ್ಲ.

ದೇವಿಗೆ ಮೀಸಲಾಗಿ ಹೆಣ್ಣುಡುಗೆಯಲ್ಲಿ ಬದುಕುವ ನಮ್ಮ ಹುಲಿಗಿಯ ಜೋಗಪ್ಪಗಳನ್ನು ಎಲ್ಲರೂ ಈ ಚರ್ಚೆಗೆ ಎಳೆದು ತರುತ್ತಾರೆ. ಅದು ಬೇರೆ, ಇದು ಬೇರೆ. ಟ್ರಾನ್ಸ್‌ಜೆಂಡರ್ ಹೆಣ್ಣು ಗಂಡಸನ್ನು ಮದುವೆಯಾಗುವುದಕ್ಕೆ ಈಗಿನ ಕಾಯ್ದೆಯಲ್ಲೇ ದಾರಿ ಇದೆ ಎಂದು 2023ರ ಆ ತೀರ್ಪೇ ಹೇಳಿದೆ. ಆದರೂ ಜೋಗಪ್ಪಗಳಿಂದ ಕಲಿಯುವುದೊಂದಿದೆ. ಅವರು ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಗಂಡ ಹೆಂಡತಿ ಎಂಬ ಅಂಗಿಯನ್ನು ತೊಡದೆಯೇ, ತಮ್ಮವರನ್ನು ತಾವೇ ಮಾಡಿಕೊಂಡು ಬದುಕಿದರು. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದದ್ದು ಯಾರದ್ದೋ ಹೆಂಡತಿ ಎಂದಲ್ಲ.

(ಕಾಲಿಗೆ ಬೀಳುವ ಜನವೇ ಜೋಗಪ್ಪಗಳಿಗೆ ಬಾಡಿಗೆ ಮನೆ ಕೊಡುವುದಿಲ್ಲ. ಬಾಡಿಗೆ ಕರಾರು ಬರೆಯುವವನು ನಾನು, ನನಗೆ ಗೊತ್ತು. ಮಾವನವರು ಇದಕ್ಕೆ ಏನೂ ಹೇಳಲಿಲ್ಲ.)

ನನ್ನ ನಿಜವಾದ ತಕರಾರು ಇದು. ಹಕ್ಕುಗಳನ್ನೆಲ್ಲ ಮದುವೆ ಎಂಬ ಒಂದೇ ಗೂಟಕ್ಕೆ ಕಟ್ಟಿದ್ದೇ ತಪ್ಪು. ಕೊಪ್ಪಳ, ರಾಯಚೂರು ಕಡೆ ದೇವದಾಸಿ ತಾಯಂದಿರ ಮನೆಗಳು ಎಷ್ಟಿವೆ? ದೇವರಿಗೆ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿತು, ಆದರೆ ಆಗಲೇ ದೇವರಿಗೆ ಬಿಟ್ಟಿದ್ದ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು? ಅಡ್ಮಿಷನ್ ಸಮಯದಲ್ಲಿ ಅಂಥ ತಾಯಿ ಮಗನ ಕೈ ಹಿಡಿದುಕೊಂಡು ಬಂದು ನನ್ನ ಮುಂದೆ ನಿಲ್ಲುತ್ತಿದ್ದಳು. ಫಾರಂನಲ್ಲಿ 'ತಂದೆಯ ಹೆಸರು' ಎಂಬ ಕಾಲಂ. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ, ಅವಳು ನೆಲ ನೋಡುತ್ತಿದ್ದಳು. ಆಗ ನನಗೆ ಅವಳಿಗೊಬ್ಬ ಗಂಡ ಬೇಕು ಎನ್ನಿಸಲಿಲ್ಲ. ಆ ಕಾಲಂ ಹಾಳಾಗಿ ಹೋಗಲಿ ಎನ್ನಿಸಿತು.

ನಿಮ್ಮ ಆ ಇಬ್ಬರದೂ ಅದೇ ಕತೆ. ಆಸ್ಪತ್ರೆಯಲ್ಲಿ ಯಾರ ಸಹಿ ನಡೆಯಬೇಕು ಎಂಬುದನ್ನು ರೋಗಿಯೇ ಮೊದಲೇ ಬರೆದುಕೊಡಲಿ, ಅದು ನಡೆಯಲಿ. ದಾನಪತ್ರದ ಶುಲ್ಕದಲ್ಲಿ ಹತ್ತು ವರ್ಷ ಒಂದೇ ರೇಷನ್ ಕಾರ್ಡಿನಲ್ಲಿ ಇದ್ದವರನ್ನು ಕುಟುಂಬ ಎಂದು ಎಣಿಸಲಿ. ಪಿಎಫ್ ಅವನು ದುಡಿದ ದುಡ್ಡು, ಅವನು ಹೇಳಿದವರಿಗೆ ಹೋಗಲಿ. ಇದರಿಂದ ಆ ಇಬ್ಬರಿಗಷ್ಟೇ ಅಲ್ಲ, ದೇವದಾಸಿ ತಾಯಿಗೂ, ಗಂಡ ಬಿಟ್ಟವಳನ್ನು ಮನೆಯಲ್ಲಿಟ್ಟುಕೊಂಡು ಸಾಕುವ ಗೆಳತಿಗೂ ಅನುಕೂಲ. ಮದುವೆ ಕಾಯ್ದೆ ತಿದ್ದಿದರೆ ಮದುವೆಯಾದವರಿಗೆ ಮಾತ್ರ.

(ಬರೆದಿದ್ದನ್ನು ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದರು, ಒಂದು ಕಡೆ ನನ್ನ ಕಾಗುಣಿತವನ್ನು. ಆಮೇಲೆ ಆ ಹೆಣ್ಣುಮಕ್ಕಳ ದಾನಪತ್ರ ಏನಾಯಿತು ಎಂದು ಕೇಳಿದರು. ಇನ್ನೂ ಆಗಿಲ್ಲ, ದುಡ್ಡು ಕೂಡಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. "ಮಾಡಿಸೋ ದಿನ ಸಾಕ್ಷಿಗೆ ಜನ ಬೇಕಾದ್ರ ನನಗ ಫೋನ್ ಮಾಡ್ರಿ, ಬಂದು ಸಹಿ ಹಾಕ್ತೀನಿ" ಎಂದರು. ಮದುವೆ ರಿಜಿಸ್ಟರಿಗೆ ಸಾಕ್ಷಿ ಬೇಕಾದರೆ? "ಅದಕ್ಕ ಬ್ಯಾರೆಯವರನ್ನ ನೋಡಕೊಳ್ರಿ.")