ನನ್ನ ಕಾಲ್ ಈಗ ಯಾರ ಕೈಯಲ್ಲಿದೆ?

ಹೋದ ವಾರ ನಮ್ಮ ಮನೆಯವರ ಪೆನ್ಷನ್ ಖಾತೆಯಲ್ಲಿ ಏನೋ ತೊಂದರೆಯಾಯಿತು. ಸಹಾಯವಾಣಿಗೆ ಫೋನ್ ಮಾಡಿದೆ. ಕನ್ನಡಕ್ಕೆ ಎರಡು ಒತ್ತಿ ಅಂದಿತು, ಒತ್ತಿದೆ. ಖಾತೆಯ ವಿಚಾರಕ್ಕೆ ಒಂದು ಒತ್ತಿ ಅಂದಿತು, ಒತ್ತಿದೆ. ಆಮೇಲೆ ಬರೀ ಸಂಗೀತ. 22 ನಿಮಿಷ ಆದಮೇಲೆ ಲೈನ್ ಕಟ್ಟಾಯಿತು. ಮತ್ತೆ ಮಾಡಿದರೆ ಮತ್ತೆ ಮೊದಲಿಂದ ಶುರು. ಅಷ್ಟು ಹೊತ್ತು ಒಬ್ಬಳು ಕಾದಿದ್ದಳು ಅಂತ ಆ ಕಡೆ ಯಾರಿಗೂ ಗೊತ್ತೇ ಇಲ್ಲ.

ಸಿಟ್ಟಿಗಿಂತ ಜಾಸ್ತಿ ಬೇಸರವಾಯಿತು. ಯಾಕೆಂದರೆ ನಾನು ಟೆಲಿಫೋನ್ ಆಪರೇಟರ್ ಆಗಿದ್ದವಳು. 1979ರಲ್ಲಿ ಮಲೆನಾಡಿನ ಒಂದು ತಾಲೂಕು ಎಕ್ಸ್‌ಚೇಂಜಿಗೆ ಸೇರಿದೆ. ಊರಿನವರು ಫೋನಿನ ಹಿಡಿ ತಿರುಗಿಸಿದರೆ ನಮ್ಮ ಬೋರ್ಡಿನಲ್ಲಿ ಆ ನಂಬರಿನ ಶಟರ್, ಅಂದರೆ ಪುಟ್ಟ ಮುಚ್ಚಳ, ಟಕ್ ಅಂತ ಬೀಳುತ್ತಿತ್ತು. ಪ್ಲಗ್ ಇರುವ ತಂತಿ ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು. ಊರೊಳಗಿನ ಕಾಲ್ ಆದರೆ ಅಷ್ಟೇ. ಪರಊರಿನದಾದರೆ ಟ್ರಂಕ್ ಕಾಲ್. ಅದಕ್ಕೆ ಟಿಕೆಟ್ ಬರೆಯಬೇಕು.

ಈ ಟಿಕೆಟ್ ಬಗ್ಗೆ ಹೇಳಲೇಬೇಕು. ಅಂಗೈಯಗಲದ ಚೀಟಿ. ಯಾರು ಬುಕ್ ಮಾಡಿದರು, ಎಷ್ಟು ಹೊತ್ತಿಗೆ, ಯಾವ ಊರು, ಯಾವ ನಂಬರ್. ಆರ್ಡಿನರಿಯೋ ಅರ್ಜೆಂಟೋ ಲೈಟ್ನಿಂಗೋ. ಲೈಟ್ನಿಂಗ್ ಅಂದರೆ ಆರ್ಡಿನರಿಯ ಎಂಟು ಪಟ್ಟು ದುಡ್ಡು, ಸುಮ್ನೆ ಯಾರೂ ಕೇಳುತ್ತಿರಲಿಲ್ಲ. ಇಂಥವರೇ ಮಾತಾಡಬೇಕು ಅಂದರೆ ಪಿಪಿ ಕಾಲ್, ಅವರ ಹೆಸರೂ ಬರೆಯಬೇಕು. ಪ್ರತಿ ಸಲ ಪ್ರಯತ್ನಿಸಿದ್ದೂ ಅದರಲ್ಲೇ: ಇಷ್ಟು ಗಂಟೆಗೆ ಎಂಗೇಜ್, ಇಷ್ಟು ಗಂಟೆಗೆ ನೋ ರಿಪ್ಲೈ. ಡ್ಯೂಟಿ ಮುಗಿದು ಏಳುವಾಗ ಬಾಕಿ ಟಿಕೆಟ್‌ಗಳನ್ನು ಮುಂದಿನವರ ಕೈಗೆ ಕೊಟ್ಟು, "ಈ ಶಿವಮೊಗ್ಗದ್ದು ಬೆಳಿಗ್ಗೆಯಿಂದ ಕಾಯ್ತಿದ್ದಾರೆ, ಮೊದಲು ನೋಡಿ" ಅಂತ ಹೇಳಿ ಹೋಗುತ್ತಿದ್ದೆವು. ಕಾಲ್ ಸಿಗದೇ ಇರಬಹುದಿತ್ತು. ಆದರೆ ಅದು ಯಾವಾಗಲೂ ಒಬ್ಬರ ಕೈಯಲ್ಲಿ ಇರುತ್ತಿತ್ತು.

ಒಂದು ಜುಲೈ ತಿಂಗಳ ಸಂಜೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಳೆ ಅಂದರೆ ಮಳೆ. ಘಾಟಿಯಲ್ಲಿ ಮರ ಬಿದ್ದು ಮಂಗಳೂರಿನ ಲೈನ್ ಹೋಗಿತ್ತು. ಒಬ್ಬ ಹಿರಿಯರು ಕೊಡೆ ಹಿಡಿದುಕೊಂಡು ನೇರವಾಗಿ ಎಕ್ಸ್‌ಚೇಂಜಿನ ಬಾಗಿಲಿಗೇ ಬಂದರು. ಮಗಳನ್ನು ಹೆರಿಗೆಗೆ ಅಂತ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು, ಎರಡು ದಿನದಿಂದ ಸುದ್ದಿ ಇರಲಿಲ್ಲ. ಶಿವಮೊಗ್ಗ ಹಿಡಿದೆ. ಶಿವಮೊಗ್ಗದವಳು ಬೆಂಗಳೂರು ಹಿಡಿದಳು, ಬೆಂಗಳೂರಿನವಳು ಮಂಗಳೂರು. ಮೂವರ ಮುಖವನ್ನೂ ನಾನು ಒಂದು ದಿನವೂ ನೋಡಿದವಳಲ್ಲ. ಮುಕ್ಕಾಲು ಗಂಟೆ ಆದಮೇಲೆ ಆಸ್ಪತ್ರೆ ಸಿಕ್ಕಿತು. ಅಳಿಯ ಲೈನಿಗೆ ಬಂದರು. ಆದರೆ ದನಿ ಬಾವಿಯೊಳಗಿಂದ ಬಂದ ಹಾಗೆ. ಹಿರಿಯರಿಗೆ ಒಂದಕ್ಷರ ಕೇಳಿಸಲಿಲ್ಲ. ಹೆಡ್‌ಸೆಟ್ ಕಿವಿಗೆ ಒತ್ತಿ ಹಿಡಿದು ನಾನೇ ಕೇಳಿಸಿಕೊಂಡೆ.

"ಏನಂತೆ ತಾಯಿ?"

"ಹೆಣ್ಣು ಮಗು ಅಂತೆ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರಂತೆ."

ಅವರು ಒದ್ದೆ ಕೊಡೆಯ ಸಮೇತ ಬೆಂಚಿನ ಮೇಲೆ ಕೂತುಬಿಟ್ಟರು. ಮಾತಾಡಲಿಲ್ಲ. ಆ ಮಗುವಿಗೆ ಈಗ ನಲವತ್ತು ದಾಟಿರಬೇಕು.

ಹಾಗಂತ ಆ ಕಾಲವೇ ವಾಪಸ್ ಬರಲಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಒಂದು ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದರು. ಮೂರು ನಿಮಿಷ ಆಗುತ್ತಲೇ ನಾವು ಮಧ್ಯೆ ಬಂದು "ಮುಂದುವರಿಸ್ತೀರಾ?" ಅಂತ ಕೇಳಬೇಕಿತ್ತು, ಆ ಕಡೆಯವರು ಅಳುತ್ತಿದ್ದರೂ ಕೇಳಬೇಕಿತ್ತು. ಗುಟ್ಟು ಹೊರಗೆ ಬಿಡಬಾರದು ಅಂತ 1885ರ ಟೆಲಿಗ್ರಾಫ್ ಕಾಯ್ದೆಯೇ ಇತ್ತು. ಆದರೂ ಆಪರೇಟರ್ ಕೇಳಿಸಿಕೊಳ್ಳುತ್ತಾಳೆ ಅನ್ನೋ ಭಯ ಜನಕ್ಕಿತ್ತು. ತಪ್ಪಲ್ಲ ಬಿಡಿ. ಆಪರೇಟರ್ ಇಲ್ಲದ ಎಕ್ಸ್‌ಚೇಂಜಿಗೆ 1891ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಸ್ಟ್ರೌಜರ್ ಶವಸಂಸ್ಕಾರದ ವ್ಯವಸ್ಥೆ ಮಾಡುವವನು. ತನ್ನ ಗಿರಾಕಿಗಳ ಕಾಲನ್ನು ಆಪರೇಟರ್ ಬೇರೆಯವನಿಗೆ ತಿರುಗಿಸುತ್ತಾಳೆ ಅನ್ನೋ ಅನುಮಾನದಿಂದಲೇ ಅವನು ಆ ಕೆಲಸಕ್ಕೆ ಕೈಹಾಕಿದ ಅಂತ ಹೇಳುತ್ತಾರೆ. ಅದೇ ಸ್ಟ್ರೌಜರ್ ಯಂತ್ರಗಳನ್ನು ನಮ್ಮ ಬೆಂಗಳೂರಿನ ಟೆಲಿಫೋನ್ ಕಾರ್ಖಾನೆ ಐಟಿಐ ಎಷ್ಟೋ ವರ್ಷ ತಯಾರಿಸಿತು.

ಹಳ್ಳಿಗಳ ಪಾಲಿಗೆ ದೊಡ್ಡ ಬದಲಾವಣೆ ಬಂದಿದ್ದು ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನಿಂದ. ನಮ್ಮ ದೇಶದಲ್ಲೇ, ನಮ್ಮ ಧೂಳು, ಸೆಖೆಗೆ ತಡೆಯುವ ಹಾಗೆ ಮಾಡಿದ ಪುಟ್ಟ ಎಕ್ಸ್‌ಚೇಂಜ್. ಎಸಿ ಬೇಕಿರಲಿಲ್ಲ. ಅದನ್ನು ಮೊದಲು ಕೂರಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಇದನ್ನು ಹೇಳುವಾಗ ನನಗೆ ಈಗಲೂ ಹೆಮ್ಮೆ. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು. ಗಾಜಿನ ಬಾಗಿಲು ಹಾಕಿಕೊಂಡು, ಓಡುವ ಕೆಂಪು ಅಂಕಿ ನೋಡುತ್ತ, ಹುಡುಗಿಯರು ಮೊದಲ ಸಲ ಯಾರ ಕಿವಿಗೂ ಬೀಳದೆ ಮಾತಾಡಿದರು. ಅದು ಸಣ್ಣ ವಿಷಯವಲ್ಲ.

ನಮ್ಮ ಬೋರ್ಡನ್ನೂ ಒಂದು ದಿನ ಬಿಚ್ಚಿ ಲಾರಿಗೆ ಹಾಕಿದರು. ನನ್ನನ್ನು ಜಿಲ್ಲಾ ಕೇಂದ್ರದಲ್ಲಿ 197ಕ್ಕೆ, ಅಂದರೆ ನಂಬರ್ ವಿಚಾರಣೆಗೆ ಹಾಕಿದರು. 2019ರಲ್ಲಿ ರಿಟೈರ್ ಆದೆ. ಮರುವರ್ಷ ಜನವರಿ 31ರಂದು ಒಂದೇ ದಿನ ಬಿಎಸ್ಸೆನ್ನೆಲ್‌ನ 78 ಸಾವಿರಕ್ಕೂ ಹೆಚ್ಚು ಜನ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ, ತಗೊಂಡು ಹೊರಬಂದರು. ನನ್ನ ಜತೆ ಕೆಲಸ ಮಾಡಿದವರೂ ಅದರಲ್ಲಿದ್ದರು.

ಇವತ್ತು ಮೊಮ್ಮಗನ ಮುಖ ವಾಟ್ಸಾಪಿನಲ್ಲಿ ದಿನಾ ನೋಡುತ್ತೇನೆ, ಒಂದು ಪೈಸೆ ಜಾಸ್ತಿ ಖರ್ಚಿಲ್ಲ. ತಂತಿ, ಯಂತ್ರ ಎಲ್ಲ ಎಷ್ಟು ಬದಲಾದರೂ ನನಗೆ ಸಂತೋಷವೇ. ನನ್ನ ತಕರಾರು ಒಂದೇ. ಕಷ್ಟ ಹೇಳಿಕೊಳ್ಳೋಕೆ ಅಂತಲೇ ಇಟ್ಟಿರುವ ನಂಬರಿನಲ್ಲಿ ಮನುಷ್ಯರು ಸಿಗಬೇಕು. ಒಂದೇ ಬಟನ್ ಒತ್ತಿದರೆ ಸಿಗಬೇಕು. ಲೈನ್ ಕಟ್ಟಾದರೆ ಅವರೇ ವಾಪಸ್ ಮಾಡಬೇಕು. ಕಿವಿ ಮಂದವಾದವರು, ಓದು ಬರಹ ಬಾರದವರು ಒಂದು, ಎರಡು, ಒಂಬತ್ತು ಅಂತ ಹೇಗೆ ಒತ್ತುತ್ತಾ ಕೂರಬೇಕು ಹೇಳಿ? ಹಿಡಿ ತಿರುಗಿಸುವ ಫೋನಿನ ಕಾಲದಲ್ಲಿ ನಾವು ಮಾಡಿದ್ದು ಈಗ ಆಗುವುದಿಲ್ಲ ಅಂದರೆ ನಾನಂತೂ ನಂಬುವುದಿಲ್ಲ.

ಸದ್ಯಕ್ಕೆ ಹಳೆ ಕ್ಯಾಲೆಂಡರಿನ ಹಾಳೆ ಹರಿದು ಟಿಕೆಟ್ ಬರೆದು ಫೋನಿನ ಪಕ್ಕ ಇಟ್ಟಿದ್ದೇನೆ. ಸೋಮವಾರ 11:10, 22 ನಿಮಿಷ, ಕಟ್. ಸೋಮವಾರ 4:30, ನೋ ರಿಪ್ಲೈ. ಬುಧವಾರ 10:05, ಎಂಗೇಜ್. ನಾನು ಸಂಜೆ ದೇವಸ್ಥಾನಕ್ಕೆ ಹೋಗುವಾಗ ಆ ಚೀಟಿಯನ್ನು ಮನೆಯವರ ಕೈಗೆ ಕೊಟ್ಟು ಹೋಗುತ್ತೇನೆ.