ಬ್ರಾ ಹಾಕಿದರೆ ಸ್ತನ ಕ್ಯಾನ್ಸರ್ ಬರುತ್ತಾ? ಇಲ್ಲ

"ರಾತ್ರಿ ಕಪ್ಪು ಬ್ರಾ ಹಾಕಿಕೊಂಡು ಮಲಗಿದರೆ ಸ್ತನ ಕ್ಯಾನ್ಸರ್ ಬರುತ್ತದೆ" ಎಂಬ ವಾಟ್ಸಾಪ್ ಮೆಸೇಜ್ ಸುಳ್ಳು. ಬಿಗಿ ಬ್ರಾ ಮೈಯ ವಿಷವನ್ನು ಒಳಗೇ ಕಟ್ಟಿಹಾಕುತ್ತದೆ ಅನ್ನೋದು ಅದರ ವಾದ. 2014ರಲ್ಲಿ ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಮುಟ್ಟು ನಿಂತ ಸುಮಾರು 1,500 ಹೆಂಗಸರನ್ನು ಕೇಳಿ ನೋಡಿದರು: ಕಪ್ ಸೈಜ್ ಎಷ್ಟು, ತಂತಿ ಇರುವ ಬ್ರಾನಾ, ದಿನಕ್ಕೆ ಎಷ್ಟು ಗಂಟೆ, ಯಾವ ವಯಸ್ಸಿನಿಂದ? ಯಾವುದಕ್ಕೂ ಕ್ಯಾನ್ಸರ್‌ಗೂ ನಂಟು ಸಿಗಲಿಲ್ಲ. ಬಿಗಿ ಪಟ್ಟಿ ಹೆಗಲ ಮೇಲೆ ಗೆರೆ ಮೂಡಿಸಬಹುದು, ಅಷ್ಟೇ. ಬಣ್ಣದ ಮಾತಂತೂ ಸುಮ್ನೆ.

ಅಪಾಯ ಜಾಸ್ತಿ ಮಾಡುವುದು ವಯಸ್ಸು, ಮನೆತನದಲ್ಲಿ ಬಂದ ಕೆಲವು ಜೀನ್‌ಗಳು, ಮದ್ಯ, ಮುಟ್ಟು ನಿಂತ ಮೇಲಿನ ಅತಿ ತೂಕ. ಎದೆಹಾಲು ಕುಡಿಸುವುದು, ದಿನಾ ವ್ಯಾಯಾಮ ಮಾಡುವುದು ಅದನ್ನು ಸ್ವಲ್ಪ ತಗ್ಗಿಸುತ್ತವೆ. ಗಂಟು ಕೈಗೆ ಸಿಕ್ಕರೆ 'ನೋವೇ ಇಲ್ವಲ್ಲ' ಎಂದು ಬಿಡಬೇಡಿ. ಡಾಕ್ಟರಿಗೆ ತೋರಿಸಿ.